ಆತ್ಮನೇಪದದ ಬಾಳು

ಪೂಜೆಯಾಗಲಿ, ವ್ರತವಾಗಲಿ, ಮದುವೆಯಾಗಲಿ, ವೈದಿಕ ವಿಧಿಯಂತೆ ನಡೆಯುವ ಯಾವ ಕರ್ಮವೂ ಸಂಕಲ್ಪವಿಲ್ಲದೆ ಮೊದಲಾಗುವುದಿಲ್ಲ. ಪುರೋಹಿತರು ಹೇಳುತ್ತ ಹೋಗುತ್ತಾರೆ. ಮಣೆಯ ಮೇಲೆ ಕುಳಿತವರು ಅಕ್ಷತೆ ಹಿಡಿದು ಕೇಳುತ್ತಿರುತ್ತಾರೆ. ಅದರ ಅರ್ಥವನ್ನು ವಿಚಾರಿಸುವವರು ಕಡಮೆ. ವಿಚಾರಿಸಿದರೆ, ಮನುಷ್ಯನಿಗೆ ಇಷ್ಟು ಪೂರ್ಣವಾದ ವಿಳಾಸವನ್ನು ಬೇರೆ ಯಾರೂ ಬರೆದಿಲ್ಲವೆನಿಸುತ್ತದೆ.

ಬ್ರಹ್ಮನ ಆಯುಷ್ಯದ ಎರಡನೆಯ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ ಎಂದು ಊಹೆಗೆ ನಿಲುಕದ ಕಾಲದಿಂದ ಅದು ಹೊರಡುತ್ತದೆ. ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎಂದು ನಮ್ಮ ನೆಲಕ್ಕೆ ಬರುತ್ತದೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳ ಮೆಟ್ಟಿಲುಗಳನ್ನಿಳಿದು ಈ ಹೊತ್ತಿನಲ್ಲಿ ನಿಲ್ಲುತ್ತದೆ. ಆಮೇಲೆ ಗೋತ್ರ, ನಕ್ಷತ್ರ, ಹೆಸರು. ಕಟ್ಟಕಡೆಗೆ ಒಂದೇ ಒಂದು ಕ್ರಿಯಾಪದ: ‘ಕರಿಷ್ಯೇ’, ಎಂದರೆ ‘ಮಾಡುತ್ತೇನೆ’. ಕಾಲವನ್ನು ನಾವು ಆರಿಸಿಕೊಳ್ಳಲಿಲ್ಲ. ದೇಶವನ್ನೂ ಕುಲವನ್ನೂ ಆರಿಸಿಕೊಳ್ಳಲಿಲ್ಲ. ಹೆಸರನ್ನು ಸಹ ಹಿರಿಯರು ಇಟ್ಟರು. ಅಷ್ಟು ಉದ್ದದ ವಾಕ್ಯದಲ್ಲಿ ನಮ್ಮದೆನ್ನಬಹುದಾದದ್ದು ಆ ಕೊನೆಯ ಪದವೊಂದೇ.

ಆ ಪದದ ರೂಪವನ್ನೂ ಸ್ವಲ್ಪ ನೋಡಬೇಕು. ಸಂಸ್ಕೃತದಲ್ಲಿ ‘ಮಾಡುತ್ತೇನೆ’ ಎನ್ನುವುದಕ್ಕೆ ‘ಕರಿಷ್ಯಾಮಿ’ ಎಂದೂ ಹೇಳಬಹುದು, ‘ಕರಿಷ್ಯೇ’ ಎಂದೂ ಹೇಳಬಹುದು. ಮೊದಲನೆಯದು ಪರಸ್ಮೈಪದ, ‘ಪರನಿಗಾಗಿ’ ಎಂಬ ರೂಪ. ಎರಡನೆಯದು ಆತ್ಮನೇಪದ, ‘ತನಗಾಗಿ’ ಎಂಬ ರೂಪ. ಎರಡು ರೂಪಗಳೂ ಉಳ್ಳ ಧಾತುಗಳಲ್ಲಿ, ಕ್ರಿಯೆಯ ಫಲ ಮಾಡಿದವನಿಗೇ ಸೇರುವಂತಿದ್ದರೆ ಆತ್ಮನೇಪದವನ್ನು ಬಳಸಬೇಕೆಂದು ಪಾಣಿನಿ ವಿಧಿಸಿದ್ದಾನೆ. ಕವಿಗಳು ಈ ಭೇದವನ್ನು ಎಲ್ಲ ಕಡೆಯೂ ಪಾಲಿಸಿಲ್ಲ, ನಿಜ. ಆದರೆ ಯಜ್ಞಶಾಲೆಯಲ್ಲಿ ಅದು ಸ್ಪಷ್ಟವಾಗಿ ಉಳಿದಿದೆ. ದಕ್ಷಿಣೆಗಾಗಿ ಯಜ್ಞ ಮಾಡಿಸುವ ಋತ್ವಿಜ ‘ಯಜತಿ’. ತನಗಾಗಿ ಮಾಡುವವನು ‘ಯಜತೇ’. ಹಾಗೆ ತನಗಾಗಿ ಯಜಿಸುವವನೇ ‘ಯಜಮಾನ’. ನಾವು ಇಂದು ಮನೆಯ ಒಡೆಯನಿಗೂ ಅಂಗಡಿಯ ಮಾಲೀಕನಿಗೂ ಹೇಳುವ ಆ ಮಾತಿನ ಹುಟ್ಟು ಆತ್ಮನೇಪದದಲ್ಲಿದೆ. ಕನ್ನಡಕ್ಕೆ ಈ ವ್ಯಾಕರಣವಿಲ್ಲವಾದರೂ ಭಾವ ಉಂಟು. ‘ಬರೆದನು’ ಎಂಬುದಕ್ಕೂ ‘ಬರೆದುಕೊಂಡನು’ ಎಂಬುದಕ್ಕೂ ಇರುವ ಅಂತರ ಯಾವ ಹಳ್ಳಿಯವನಿಗೂ ತಿಳಿದದ್ದೇ. ‘ಕೊಳ್ಳು’ ಎಂಬ ಪುಟ್ಟ ಧಾತು ಕೆಲಸವನ್ನು ಮಾಡಿದವನ ಕಡೆಗೆ ತಿರುಗಿಸುತ್ತದೆ.

ಇಂದಿನ ಮದುವೆಯ ಮಂಟಪಕ್ಕೆ ಬರೋಣ. ಸಂಕಲ್ಪ ನಡೆಯುತ್ತಿದೆ. ‘ಸ್ವಲ್ಪ ಈ ಕಡೆ ನೋಡಿ’ ಎನ್ನುತ್ತಾನೆ ಛಾಯಾಗ್ರಾಹಕ. ವಧೂವರರು ಅತ್ತ ನೋಡುತ್ತಾರೆ. ‘ಕರಿಷ್ಯೇ’ ಎಂಬ ಮಾತು ಪುರೋಹಿತರ ಬಾಯಿಂದ ಬಂದು ಹೋಗುತ್ತದೆ. ಆ ಕ್ಷಣ ಆಲ್ಬಮ್ಮಿನಲ್ಲಿ ಭದ್ರವಾಗಿ ಉಳಿಯುತ್ತದೆ. ಅದನ್ನು ಬದುಕಿದವರು ಮಾತ್ರ ಯಾರೂ ಇಲ್ಲ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಬಾರದ ಗೆಳೆಯನ ಪರವಾಗಿ ಇನ್ನೊಬ್ಬ ‘ಪ್ರೆಸೆಂಟ್ ಸಾರ್’ ಎನ್ನುವುದುಂಟು. ಅದನ್ನು ಹಿಡಿದು ದಂಡಿಸಬಹುದು. ತನ್ನ ಹಾಜರಿಯನ್ನು ತಾನೇ ಕೂಗಿ, ಮೈಯನ್ನು ಬೆಂಚಿನ ಮೇಲಿಟ್ಟು, ಮನಸ್ಸನ್ನು ಎಲ್ಲಿಗೋ ಕಳುಹಿಸಿದವನನ್ನು ಹಿಡಿಯುವುದು ಹೇಗೆ? ಹಳೆಯ ಟಿಪ್ಪಣಿಯನ್ನು ಓದಿ ಮುಗಿಸಿ ಗಡಿಯಾರ ನೋಡುವ ಅಧ್ಯಾಪಕನೂ ಆ ಪಟ್ಟಿಗೆ ಸೇರಿದವನೇ.

‘ತನಗಾಗಿ’ ಎಂದೊಡನೆ ಇದು ಸ್ವಾರ್ಥದ ಬೋಧೆಯಾಗಲಿಲ್ಲವೆ ಎಂದು ಕೇಳಬಹುದು. ಹಾಗಲ್ಲ. ಕ್ರಿಯೆ ತನ್ನದು ಎಂದವನು ಅದರ ಲಾಭವನ್ನು ಮಾತ್ರ ಒಪ್ಪಿಕೊಂಡಂತಲ್ಲ, ಹೊಣೆಯನ್ನೂ ಹೊತ್ತಂತೆ. ವಯಸ್ಸಾದ ತಾಯಿ ಏನೋ ಹೇಳುತ್ತಿದ್ದಾಳೆ. ಮಗ ಮೊಬೈಲು ನೋಡುತ್ತ ಹೂಂಗುಟ್ಟುತ್ತಿದ್ದಾನೆ. ಆ ‘ಹೂಂ’ ಒಂದು ಸಣ್ಣ ಸುಳ್ಳು. ‘ನಾನು ಇಲ್ಲಿದ್ದೇನೆ’ ಎಂದು ಇಲ್ಲದವನು ಹೇಳುವ ಸುಳ್ಳು. ಕನ್ನಡದಲ್ಲಿ ಕಿವಿಯನ್ನು ‘ಕೊಡುತ್ತೇವೆ’, ಮನಸ್ಸನ್ನು ‘ಇಡುತ್ತೇವೆ’. ಕೈಯಲ್ಲಿಲ್ಲದ್ದನ್ನು ಕೊಡುವುದು ಸಾಧ್ಯವೆ? ತನ್ನ ಮನಸ್ಸಿಗೆ ಯಜಮಾನನಲ್ಲದವನು ಪರೋಪಕಾರಕ್ಕೂ ಬಡವನೇ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ದಿನವೆಲ್ಲ ಇನ್ನೊಬ್ಬರ ಕಡತವನ್ನು ತಿದ್ದಿ, ಇನ್ನೊಬ್ಬರ ಲೆಕ್ಕ ಬರೆದು ಹೊಟ್ಟೆ ಹೊರೆಯುವ ಗುಮಾಸ್ತನಿಗೆ ಆತ್ಮನೇಪದ ಎಲ್ಲಿಂದ ಬರಬೇಕು? ಅವನ ಸಂಬಳವನ್ನೂ ರಜೆಯನ್ನೂ ನಿಶ್ಚಯಿಸುವವರು ಬೇರೆಯವರು. ಈ ಅನ್ಯಾಯವನ್ನು ವೇದಾಂತದಿಂದ ಮುಚ್ಚುವುದು ಸಲ್ಲದು. ಮನುಷ್ಯನಿಗೆ ಬಿಡುವೂ ಗೌರವವೂ ದೊರೆಯಲೇಬೇಕು. ಆದರೆ ಸಂಕಲ್ಪದ ವಾಕ್ಯ ಅವನನ್ನೂ ಹೊರಗಿಟ್ಟಿಲ್ಲ. ಅದು ಯುಗವನ್ನು ಬದಲಾಯಿಸಿ ಬಾ ಎನ್ನಲಿಲ್ಲ. ಯುಗ ಇದು, ಊರು ಇದು, ತಿಥಿ ಇದು, ಈಗ ಏನು ಮಾಡುತ್ತೀಯೆ ಎಂದು ಕೇಳಿತು. ಬೇರೆ ಕೆಲಸ ಸಿಕ್ಕಮೇಲೆ, ಮಗಳ ಮದುವೆಯಾದಮೇಲೆ, ನಿವೃತ್ತಿಯಾದಮೇಲೆ ಬದುಕುತ್ತೇನೆ ಎನ್ನುವವನು ಆ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ.

ಇದು ಒಂದು ಮತದವರ ಸೊತ್ತೂ ಅಲ್ಲ. ನಮಾಜಿಗೆ ನಿಂತ ಮುಸಲ್ಮಾನ ಮೊದಲು ‘ನಿಯ್ಯತ್’ ಮಾಡಬೇಕು, ಎಂದರೆ ತಾನು ಮಾಡಲಿರುವುದು ಏನೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ಆ ಅರಬ್ಬಿ ಮಾತು ಕನ್ನಡಕ್ಕೆ ಬಂದು ‘ನಿಯತ್ತು’ ಆಯಿತು. ನಿಯತ್ತಿನ ಮನುಷ್ಯ ಎಂದರೆ ನಮಗೆ ಪ್ರಾಮಾಣಿಕ. ಉದ್ದೇಶವನ್ನು ಹೇಳುವ ಶಬ್ದ ನಮ್ಮ ಜನರ ಬಾಯಲ್ಲಿ ಪ್ರಾಮಾಣಿಕತೆಯನ್ನು ಹೇಳುವ ಶಬ್ದವಾದದ್ದು ಸುಮ್ಮನೆ ಅಲ್ಲ. ಮಾಡುವ ಕೆಲಸದಲ್ಲಿ ತಾನಿರುವುದೇ ಮೊದಲನೆಯ ಪ್ರಾಮಾಣಿಕತೆಯೆಂದು ಅವರು ಕಂಡುಕೊಂಡಿರಬೇಕು.

ಎಲ್ಲ ಗಳಿಗೆಯೂ ಹೀಗೆ ಎಚ್ಚರವಾಗಿರುವುದು ಸಂತರಿಗೂ ಕಷ್ಟವೇ. ದಿನಕ್ಕೆ ಒಂದೆರಡು ಕ್ರಿಯೆಗಳಾದರೂ ಸಾಕು: ಒಂದು ಊಟ, ಒಂದು ಮಾತುಕತೆ, ಒಂದು ಕಾಗದ. ಪುರೋಹಿತರು ಸಂವತ್ಸರವನ್ನೂ ತಿಥಿಯನ್ನೂ ನಮಗಾಗಿ ಹೇಳಿಯಾರು. ಕ್ರಿಯಾಪದವನ್ನು ನಾವೇ ಹೇಳಬೇಕು.