ಹಳೆಯ ಎಂಜಿನು ಮತ್ತು ಮೂಲರೂಪದ ಪ್ರಶ್ನೆ

ಭಾಗಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಮೇಲೂ ವಸ್ತು ಅದೇ ವಸ್ತುವಾಗಿ ಉಳಿಯುತ್ತದೆಯೇ? ಪ್ರಶ್ನೆ ಹೊಸದಲ್ಲ. ‘ಮಿಲಿಂದ ಪಞ್ಹ’ದಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು ವಿಚಾರಿಸುತ್ತಾನೆ. ನೀನು ಏರಿ ಬಂದ ರಥವೆಂದರೆ ಯಾವುದು, ಅಚ್ಚೇ, ಗಾಲಿಯೇ, ನೊಗವೇ? ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರಷ್ಟೇ ರಥ ಎಂಬಲ್ಲಿಗೆ ವಾದ ಮುಟ್ಟುತ್ತದೆ. ಭಿಕ್ಷುವಿಗೆ ಅದು ಆತ್ಮದ ವಿಚಾರ. ಹಳೆಯ ಪಿಕಪ್ ಟ್ರಕ್ಕನ್ನು ಸಾಕಿಕೊಂಡವನಿಗಾದರೋ ರಿಜಿಸ್ಟ್ರೇಷನ್ನಿನ ವಿಚಾರವೂ ಹೌದು. ಕೇಂದ್ರ ಸರಕಾರದ 2021ರ ನಿಯಮದಂತೆ, 50 ವರ್ಷ ದಾಟಿದ ಖಾಸಗಿ ವಾಹನ ‘ವಿಂಟೇಜ್’ ಎನಿಸಿಕೊಳ್ಳಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದು. ಆದರೆ ಮೂಲರೂಪವೆಂದರೇನು?

ಮುಂಬಯಿಗೆ ಸಂಬಂಧವುಳ್ಳ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರ ವರೆಗೆ ಇಲ್ಲಿನ ಶಿವಡಿಯಲ್ಲಿ ಷೆವ್ರೊಲೆ ವಾಹನಗಳನ್ನು ಜೋಡಿಸುತ್ತಿತ್ತು. ಆ ಕಾಲದ ಷೆವ್ರೊಲೆ ಪಿಕಪ್ಪುಗಳಲ್ಲಿ 1937ರಿಂದ 1953ರ ವರೆಗೂ ಇದ್ದದ್ದು 216 ಘನ ಅಂಗುಲದ, ಎಂದರೆ ಸುಮಾರು ಮೂರೂವರೆ ಲೀಟರಿನ, ಆರು ಸಿಲಿಂಡರ್ ಎಂಜಿನು. ಅದರಲ್ಲಿ ಪಂಪಿನ ಒತ್ತಡದ ಎಣ್ಣೆ ಕ್ರ್ಯಾಂಕಿನ ಮುಖ್ಯ ಬೇರಿಂಗುಗಳಿಗೆ ಹೋಗುತ್ತದೆ, ಕನೆಕ್ಟಿಂಗ್ ರಾಡುಗಳಿಗೆ ಹೋಗುವುದಿಲ್ಲ. ಪ್ರತಿ ರಾಡಿನ ಬುಡದಲ್ಲಿ ಒಂದು ಪುಟ್ಟ ಸೌಟು. ತಿರುಗುವಾಗ ಅದು ಕೆಳಗಿನ ತೊಟ್ಟಿಯಿಂದ ಎಣ್ಣೆಯನ್ನು ತಾನೇ ಮೊಗೆದುಕೊಳ್ಳುತ್ತದೆ. ಆದ್ದರಿಂದ ಗೇಜಿನ ಮುಳ್ಳು ಕೆಳಗೇ ಇರುತ್ತದೆ. ಹೊಸ ಕಾರು ಓಡಿಸಿ ಬಂದವನು ಅದನ್ನು ಕಂಡು ಎಂಜಿನು ಹೋಯಿತೆಂದು ಗಾಬರಿಯಾಗುತ್ತಾನೆ. ರಾಡುಗಳ ಬೇರಿಂಗೂ ಇಂದಿನಂತೆ ಕಳಚಿ ಹಾಕುವಂಥದಲ್ಲ, ಕರಗಿಸಿ ಎರೆದ ಬಿಳಿಲೋಹ. ಅದು ಸವೆದಾಗ ನಡುವಿನ ತೆಳು ಶಿಮ್ಮುಗಳನ್ನು ಒಂದೊಂದಾಗಿ ತೆಗೆದು ಸಡಿಲವನ್ನು ಕಡಿಮೆ ಮಾಡಬೇಕು. ಸವೆತ ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಯಂತ್ರ ಇದು, ಅದೇ ಅದರ ದೊಡ್ಡತನವೆಂದು ನನ್ನ ಎಣಿಕೆ.

ಶಿಮ್ಮುಗಳು ಮುಗಿದಾಗ ಧರ್ಮಸಂಕಟ ಬರುತ್ತದೆ. ಬಿಳಿಲೋಹವನ್ನು ಮತ್ತೆ ಎರೆಸಬೇಕು, ಆದರೆ ಆ ಕೈಗೆಲಸ ಬಲ್ಲವರು ವಿರಳ. ಅದೇ ಕಂಪನಿಯ 1954ರ ನಂತರದ 235 ಎಂಜಿನಿನಲ್ಲಿ ರಾಡುಗಳಿಗೂ ಒತ್ತಡದ ಎಣ್ಣೆ ಸಿಗುತ್ತದೆ. ಅದನ್ನೇ ಕೂರಿಸಿಬಿಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಎರೆದ ಲೋಹ ಹೊಸದಾದರೂ, ರಿಂಗು, ಪಿಸ್ಟನ್ನು, ಬೋಲ್ಟುಗಳೆಲ್ಲ ಹೊಸವಾದರೂ ಎಂಜಿನು ಹಳೆಯದೇ ಎಂದು ನಾನು ಹೇಳುತ್ತೇನೆ, ಏಕೆಂದರೆ ಭಾಗಭಾಗಗಳ ನಡುವಿನ ಕೊಡುಕೊಳ್ಳುವಿಕೆ ಬದಲಾಗಿಲ್ಲ. ಎರಡನೆಯ ದಾರಿ ಹಿಡಿದವನ ಟ್ರಕ್ಕು ಹೆಚ್ಚು ಚೆನ್ನಾಗಿಯೇ ಓಡೀತು. ಓಡಿಸಲಿ, ಆದರೆ ಹಳೆಯ ಹೆಸರಿನಲ್ಲಿ ಬೇಡ.

ಯಾವುದನ್ನೂ ಮುಟ್ಟದೆ ಷೆಡ್ಡಿನಲ್ಲಿ ಮುಚ್ಚಿಟ್ಟರೆ ಮೂಲರೂಪ ಉಳಿಯುವುದೇ? ತಿಂಗಳುಗಟ್ಟಲೆ ನಿಂತ ಎಂಜಿನಿನಲ್ಲಿ ಎಣ್ಣೆ ಕೆಳಗಿಳಿದು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ. ಮುಂಬಯಿಯ ಮಳೆಗಾಲವೊಂದೇ ಸಾಕು. ಸೌಟು ಎಣ್ಣೆ ಮೊಗೆಯಬೇಕಾದರೆ ಎಂಜಿನು ತಿರುಗಲೇಬೇಕು. (ಊರು ಬಿಟ್ಟು ಬಂದ ನಮ್ಮ ಮನೆಮಾತಿನ ವಿಷಯದಲ್ಲೂ ಇದೇ ಚರ್ಚೆ ಕೇಳಿದ್ದೇವೆ, ಅದು ಇನ್ನೊಂದು ದಿನಕ್ಕಿರಲಿ.)

ತಿರುಗಿದರೆ ಹೊಗೆ ಬರುತ್ತದೆ. ವಿಂಟೇಜ್ ವಾಹನ ರಸ್ತೆಗೆ ಇಳಿಯಬಹುದಾದದ್ದು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥ ಕಾರಣಗಳಿಗೆ ಮಾತ್ರ. ಇದು ಕಟ್ಟುನಿಟ್ಟಾಯಿತೆಂದು ಗೊಣಗುವವರ ಪಕ್ಷ ನನ್ನದಲ್ಲ. ನಮ್ಮ ಅಭಿಮಾನದ ಬೆಲೆಯನ್ನು ಪಕ್ಕದ ಮನೆಯ ಮಗುವಿನ ಶ್ವಾಸಕೋಶ ತೆರಬಾರದಷ್ಟೆ. ಹಳೆಯ ಗಾಡಿ ಎಂದ ಮೇಲೆ ಇಷ್ಟು ಹೊಗೆ ಸಹಜವೆಂಬ ಸಮಾಧಾನವೂ ಪೂರ್ತಿ ನಿಜವಲ್ಲ. ನೀಲಿ ಹೊಗೆಯೆಂದರೆ ರಿಂಗುಗಳನ್ನೋ ವಾಲ್ವ್ ಗೈಡುಗಳನ್ನೋ ದಾಟಿ ಬಂದ ಎಣ್ಣೆ. ಕಪ್ಪು ಹೊಗೆಯೆಂದರೆ ಕಾರ್ಬ್ಯುರೇಟರು ಕೊಡುತ್ತಿರುವ ಹೆಚ್ಚಿನ ಪೆಟ್ರೋಲು. ಎರಡಕ್ಕೂ ಸ್ಪ್ಯಾನರು ಹಿಡಿದರೆ ಪರಿಹಾರವಿದೆ, ಅದರಿಂದ ಮೂಲರೂಪಕ್ಕೆ ಯಾವ ಭಂಗವೂ ಇಲ್ಲ. ರ‍್ಯಾಲಿಗೆ ಪಾಲಿಷ್ ಹಚ್ಚುವ ಮೊದಲು ಸೈಲೆನ್ಸರಿನ ಬಾಯಿಯನ್ನೊಮ್ಮೆ ನೋಡಿದರಾಯಿತು.