ಮಾತ್ರೆ ನುಂಗುವವರು ಒಬ್ಬರು, ಪರಿಣಾಮ ಎಲ್ಲರಿಗೂ

ಬಿಪಿ ಮಾತ್ರೆ ತಪ್ಪಿಸಿದವರಿಗೆ ತೊಂದರೆಯಾಗುತ್ತದೆ; ಪಕ್ಕದ ಮನೆಯವರ ಬಿಪಿ ಅದರಿಂದ ಏರುವುದಿಲ್ಲ. ಆ್ಯಂಟಿಬಯಾಟಿಕ್ ಹಾಗಲ್ಲ. ಅದನ್ನು ಬೇಕಾಬಿಟ್ಟಿ ನುಂಗಿದವರ ಮೈಯಲ್ಲಿ ಔಷಧಕ್ಕೆ ಜಗ್ಗದೆ ಉಳಿದ ಬ್ಯಾಕ್ಟೀರಿಯಾ ಕೈಯಿಂದ ಕೈಗೆ, ಮನೆಯಿಂದ ಮನೆಗೆ ದಾಟುತ್ತವೆ. ಮುಂದೆ ಯಾವುದೋ ಬಾಣಂತಿಗೋ ಹಸುಗೂಸಿಗೋ ಅದೇ ಔಷಧ ಕೊಟ್ಟಾಗ ಅದು ಕೈಕೊಡಬಹುದು. ಆದ್ದರಿಂದ ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೇವೆ ಎಂಬುದು ಆರೋಗ್ಯದ ಪ್ರಶ್ನೆ ಹೇಗೋ ಹಾಗೆಯೇ ನಡತೆಯ ಪ್ರಶ್ನೆ.

ಈ ಬಗ್ಗೆ ಮೊದಲೇ ಎಚ್ಚರಿಸಿದವರು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. 1945ರ ನೊಬೆಲ್ ಭಾಷಣದಲ್ಲಿ ಅವರು ಒಂದು ಕಲ್ಪಿತ ಪ್ರಸಂಗ ಹೇಳಿದರು. ಗಂಟಲು ನೋವಿದ್ದ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ರೋಗಾಣುಗಳು ಔಷಧವನ್ನು ತಡೆದುಕೊಳ್ಳುವುದನ್ನು ಕಲಿಯುತ್ತವೆ. ಅವು ಹೆಂಡತಿಗೆ ಹರಡುತ್ತವೆ. ಆಕೆಗೆ ನ್ಯುಮೋನಿಯಾ ಆದಾಗ ಪೆನಿಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ತಪ್ಪು ಗಂಡನದು, ಜೀವ ತೆತ್ತವಳು ಹೆಂಡತಿ. ಅದು ಕಲ್ಪನೆ; ಆದರೆ 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಕೇಳಿ ಪಡೆಯಬೇಡಿ

ಮೆಡಿಕಲ್ ಶಾಪಿನ ಕೌಂಟರ್ ಮುಂದೆ ಸಂಜೆ ಹತ್ತು ನಿಮಿಷ ನಿಂತರೆ ಸಾಕು. "ಹೋದ ಸಲ ಕೊಟ್ಟಿದ್ರಲ್ಲ, ಅದೇ ಮೂರು ಮಾತ್ರೆ ಕೊಡಿ ಅಣ್ಣಾ" ಎಂಬ ಮಾತು ಕಿವಿಗೆ ಬೀಳುತ್ತದೆ. ಕತ್ತರಿ ಸ್ಟ್ರಿಪ್ಪಿನ ಮೂಲೆ ಕತ್ತರಿಸುತ್ತದೆ; ಎಷ್ಟೋ ಸಲ ಎಕ್ಸ್‌ಪೈರಿ ದಿನಾಂಕ ಅಂಗಡಿಯಲ್ಲೇ ಉಳಿಯುತ್ತದೆ. ನೆಗಡಿ, ಫ್ಲೂ, ಡೆಂಗಿ, ಬಹುಪಾಲು ಗಂಟಲು ಕೆರೆತ ವೈರಸ್‌ನಿಂದ ಬರುವಂಥವು. ವೈರಸ್ ಮೇಲೆ ಆ್ಯಂಟಿಬಯಾಟಿಕ್‌ಗೆ ಯಾವ ಅಧಿಕಾರವೂ ಇಲ್ಲ. ಆದರೆ ಹೊಟ್ಟೆ ಕೆಡಿಸುವುದು, ಅಲರ್ಜಿ ತರುವುದು ಅದಕ್ಕೆ ಸಾಧ್ಯ.

ಸ್ಟ್ರಿಪ್ಪಿನ ಮೇಲಿರುವ ಕೆಂಪು ಗೆರೆ ಅಲಂಕಾರಕ್ಕಲ್ಲ. ವೈದ್ಯರ ಚೀಟಿ ಇಲ್ಲದೆ ಮುಟ್ಟಬೇಡಿ ಎಂಬ ಸೂಚನೆ. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಮಾರಿದರೆ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ಮುನಿಸಿಕೊಳ್ಳಬೇಡಿ. ಅವರು ನಿಮ್ಮ ಹಿತ ಕಾಯುತ್ತಿದ್ದಾರೆ.

ಹೇಳಿದ ಹೊತ್ತಿಗೆ, ಹೇಳಿದ ಹಾಗೆ

ದಿನಕ್ಕೆ ಮೂರು ಎಂದರೆ ಸುಮಾರು 8 ಗಂಟೆಗೊಂದು, ಎರಡು ಎಂದರೆ 12 ಗಂಟೆಗೊಂದು. ಔಷಧದ ಬಲ ರಕ್ತದಲ್ಲಿ ಕುಗ್ಗುವ ಮುನ್ನ ಮುಂದಿನ ಮಾತ್ರೆ ಬೀಳಲಿ ಎಂಬುದು ಈ ಲೆಕ್ಕದ ಉದ್ದೇಶ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ಇಲಿಜ್ವರಕ್ಕೆ ವೈದ್ಯರು ಬರೆಯುವ ಡಾಕ್ಸಿಸೈಕ್ಲಿನ್ ನೋಡಿ. ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ತುಂಬಿದ ಲೋಟ ನೀರು ಕುಡಿದು, ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಬೇಕು ಇಲ್ಲವೇ ಓಡಾಡಬೇಕು. ಕಬ್ಬಿಣಾಂಶದ ಮಾತ್ರೆಯನ್ನೋ ಆಂಟಾಸಿಡ್ಡನ್ನೋ ಜೊತೆಗೇ ತೆಗೆದುಕೊಂಡರೆ ಔಷಧ ಮೈಗೆ ಸರಿಯಾಗಿ ಸೇರುವುದಿಲ್ಲ. ಈ ಮಾತ್ರೆ ತೆಗೆದುಕೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡಬಹುದು.

ಮಕ್ಕಳ ಸಿರಪ್ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಪುಡಿಯಿರುವ ಬಾಟಲಿಯನ್ನು ಮೊದಲು ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಆರಿಸಿದ ನೀರು ಸ್ವಲ್ಪ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನ ಗೆರೆವರೆಗೆ ತುಂಬಿಸಿ. ನೊರೆಯನ್ನೇ ನೀರಿನ ಮಟ್ಟವೆಂದುಕೊಂಡರೆ ಔಷಧ ಗಟ್ಟಿಯಾಗುತ್ತದೆ, ಪ್ರಮಾಣ ಏರುಪೇರಾಗುತ್ತದೆ. ಅಡುಗೆಮನೆಯ ಚಮಚ ಬೇಡ, ಜೊತೆಗೆ ಬಂದ ಅಳತೆಯ ಮುಚ್ಚಳವೇ ಇರಲಿ. ಪ್ರತಿ ಸಲವೂ ಕುಲುಕಿ ಕೊಡಿ.

ಅರ್ಧಕ್ಕೆ ಬಿಡಬೇಡಿ, ಮಿಕ್ಕದ್ದು ಹಂಚಬೇಡಿ

ಎರಡನೇ ದಿನ ಜ್ವರ ಇಳಿಯುತ್ತದೆ, ಬಾಯಿಗೆ ರುಚಿ ಬರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಬುದ್ಧಿ ತಲೆ ಎತ್ತುವುದು ಆಗಲೇ. ಆದರೆ ನಮಗೆ ಹಾಯೆನಿಸಿದ ಮಾತ್ರಕ್ಕೆ ಸೋಂಕು ಪೂರ್ತಿ ಹೋಗಿದೆ ಎಂದಲ್ಲ. ಕೆಲವು ಸೋಂಕಿಗೆ 3 ದಿನ ಸಾಕು, ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳು ಬೇಕು. ಎಷ್ಟು ದಿನ ಎಂದು ನಿರ್ಧರಿಸುವವರು ವೈದ್ಯರು. ಬೇಗ ನಿಲ್ಲಿಸಬಹುದೇ ಎಂಬ ಅನುಮಾನವಿದ್ದರೆ ಅವರಿಗೇ ಫೋನ್ ಮಾಡಿ ಕೇಳಿ.

"ನಂಗೂ ಹಿಂಗೇ ಆಗಿತ್ತು ಕಣೇ, ಇದನ್ನ ತಗೋ" ಎಂದು ಮಿಕ್ಕ ಮಾತ್ರೆ ಕೊಡುವುದು ನಮ್ಮ ಕಡೆ ಅಕ್ಕರೆಯ ಗುರುತು. ಆ ಅಕ್ಕರೆ ಇರಲಿ, ಮಾತ್ರೆ ಬೇಡ. ಆಕೆಯ ಸೋಂಕು ಬೇರೆಯಿರಬಹುದು, ಆಕೆ ಗರ್ಭಿಣಿಯಿರಬಹುದು, ಪೆನಿಸಿಲಿನ್ ಅಲರ್ಜಿ ಇರಬಹುದು. ಅಕ್ಕರೆಯಿದ್ದರೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮುಚ್ಚಿಡದೆ ಹೇಳಿ

ಹಿಂದೆ ಯಾವ ಔಷಧಕ್ಕೆ ಮೈಯಲ್ಲಿ ದದ್ದು ಎದ್ದಿತ್ತು, ಕಿಡ್ನಿ ತೊಂದರೆ ಇದೆಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಮಾತ್ರೆ ಶುರುವಾದ ಮೇಲೆ ತುಟಿ, ಮುಖ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿ. ನಿಲ್ಲದ ಭೇದಿ, ಮಲದಲ್ಲಿ ರಕ್ತ ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಎಲ್ಲಕ್ಕಿಂತ ಕಷ್ಟದ ಅಭ್ಯಾಸ ತಾಳ್ಮೆ. "ಇದು ವೈರಲ್, ಆ್ಯಂಟಿಬಯಾಟಿಕ್ ಬೇಡ, ಗಂಜಿ, ನೀರು, ವಿಶ್ರಾಂತಿ ಸಾಕು. ಜ್ವರ ಬಿಡದಿದ್ದರೆ ಮತ್ತೆ ಬನ್ನಿ" ಎನ್ನುವ ವೈದ್ಯರು ಸಿಕ್ಕರೆ, ಕೊಟ್ಟ ಫೀಸು ವ್ಯರ್ಥವಾಯಿತೆಂದು ಬೇರೆ ಕ್ಲಿನಿಕ್ ಹುಡುಕಬೇಡಿ. ಬೇಡದ ಮಾತ್ರೆಯಿಂದ ನಿಮ್ಮನ್ನು ತಪ್ಪಿಸಿದ್ದಕ್ಕೆ ಕೊಟ್ಟ ಆ ಫೀಸು ಸಾರ್ಥಕ. ಅವರನ್ನು ನಂಬಿ, ಹೇಳಿದ ದಿನ ತಪ್ಪದೆ ಮತ್ತೆ ಹೋಗಿ ತೋರಿಸಿ.