ಮನಸ್ಸು ಮೊದಲೋ, ಕಾನೂನು ಮೊದಲೋ?

ಜನರ ಮನಸ್ಸು ಮೊದಲು ಪರಿವರ್ತನೆ ಹೊಂದಲಿ, ಕಾನೂನು ಅನಂತರ ಬರಲಿ ಎಂಬ ವಾದವು ಮೇಲ್ನೋಟಕ್ಕೆ ವಿವೇಕದ ಮಾತಿನಂತೆ ತೋರುತ್ತದೆ. ಅಮೆರಿಕದಲ್ಲಿ ಕಪ್ಪು ವರ್ಣದವರನ್ನು ಬಿಳಿಯರಿಂದ ಬೇರ್ಪಡಿಸಿದ್ದ ಪದ್ಧತಿಯನ್ನು ತೊಡೆದುಹಾಕುವಾಗಲೂ ಈ ವಾದವೇ ಕೇಳಿಬಂದಿತು. ಅನುಭವವು ಬೇರೊಂದನ್ನು ಕಲಿಸಿತು.

1945ರಲ್ಲಿ ಯುರೋಪಿನ ರಣರಂಗದಲ್ಲಿ ಬಿಳಿಯರ ಕೆಲವು ಸೇನಾ ತುಕಡಿಗಳಿಗೆ ಕಪ್ಪು ಸೈನಿಕರ ದಳಗಳನ್ನು ಸೇರಿಸಲಾಯಿತು. ಅಂಥ ಸಹವಾಸವಿಲ್ಲದ ಬಿಳಿಯ ಸೈನಿಕರಲ್ಲಿ ನೂರಕ್ಕೆ 62 ಮಂದಿ ಆ ಏರ್ಪಾಡು ತಮಗೆ ತೀರ ಅಪ್ರಿಯವೆಂದರು. ಜೊತೆಗೂಡಿ ಹೋರಾಡಿದವರಲ್ಲಿ ಹಾಗೆಂದವರು 7 ಮಂದಿ ಮಾತ್ರ. ಇವರನ್ನು ತಿದ್ದಿದ್ದು ಉಪದೇಶವಲ್ಲ, ಒಡನಾಟ.

ಆದರೆ ಬರಿಯ ಸಾಮೀಪ್ಯ ಸಾಲದು. ಒಡೆಯ-ಆಳುಗಳಾಗಿ ಒಂದೇ ಮನೆಯಲ್ಲಿ ಬಾಳಿದರೂ ತಿರಸ್ಕಾರ ಕರಗಲಿಲ್ಲ. ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ, ಅಧಿಕಾರಸ್ಥರ ಬೆಂಬಲ ಇವು ಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪ್ರತಿಪಾದಿಸಿದರು. ಶಾಲೆಗಳಲ್ಲಿ ವರ್ಣವಿಭಜನೆ ಸಂವಿಧಾನಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದೂ ಅದೇ ವರ್ಷ. 1957ರಲ್ಲಿ ಲಿಟಲ್ ರಾಕ್ ನಗರದ ಶಾಲೆಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಬಂದಾಗ ರಾಜ್ಯಪಾಲರೇ ಅಡ್ಡನಿಂತರು. ಜನರ ಗುಂಪಿಗೆ ಧೈರ್ಯ ಬಂದದ್ದು ಅಲ್ಲಿಂದ.

ತತ್ತ್ವವನ್ನು ಒಪ್ಪುವುದು ಸುಲಭ, ಬೆಲೆ ತೆರುವುದು ಕಷ್ಟ. 1974ರಲ್ಲಿ ಬೋಸ್ಟನ್ ನಗರದಲ್ಲಿ ಮಕ್ಕಳನ್ನು ಬಸ್ಸುಗಳಲ್ಲಿ ಅನ್ಯ ಬಡಾವಣೆಯ ಶಾಲೆಗಳಿಗೆ ಕಳುಹಿಸಿದಾಗ ಕಲ್ಲುಗಳು ತೂರಿಬಂದವು. ಆ ಆದೇಶದ ಭಾರ ಬಿದ್ದುದು ಎರಡೂ ವರ್ಣಗಳ ಬಡವರ ಮೇಲೆ. ಸ್ಥಿತಿವಂತರ ಉಪನಗರಗಳು ಅದರ ಹೊರಗುಳಿದವು. ಪರರ ಖರ್ಚಿನಲ್ಲಿ ಉದಾರಿಗಳಾಗುವುದು ಧರ್ಮವಲ್ಲ.

ಮನಸ್ಸು ಮಾಗಲೆಂದು ಕಾಯುವುದೂ ಒಂದು ನಿರ್ಧಾರವೇ. ಕಾಯುವ ಪ್ರತಿಯೊಂದು ದಿನದ ನಷ್ಟವನ್ನು ಬಾಗಿಲ ಹೊರಗೆ ನಿಂತವನು ಭರಿಸುತ್ತಾನೆ, ಒಳಗಿರುವವನಲ್ಲ.